ಟ್ರಂಪೆಟ್ ತೊಳೆಯುವ ಬ್ರಷ್: ಮಾಡಬೇಕಾದ್ದು, ಮಾಡಬಾರದ್ದು

ಬ್ಯಾಂಡ್ ಕೋಣೆ, ಚಂದಾಪುರ. ಟ್ರಂಪೆಟ್ ಊದುವ ಎಲ್ಲರ ಗಮನಕ್ಕೆ.

ನಮ್ಮಲ್ಲಿ ಬಹಳ ಮಂದಿ ವಾರವೆಲ್ಲ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕಡೆಯ ಕಾರ್ಖಾನೆಗಳಲ್ಲಿ ದುಡಿದು ಭಾನುವಾರ ವಾದ್ಯ ಹಿಡಿಯುವವರು. ಕೊಳವೆ ಉಜ್ಜುವ ಬ್ರಷ್ ಬೇಕು ಎಂದ ಕೂಡಲೇ ಅವರಿಗೆ ನೆನಪಾಗುವುದು ಶಾಪ್ ಫ್ಲೋರಿನ ಡಬ್ಬಿಯಲ್ಲಿರುವ ಬ್ರಷ್. ಅದು ಉಕ್ಕಿನ ಬೋರಿನೊಳಗಿನ ಚೂರು ಕೆರೆಯಲು ಮಾಡಿದ್ದು. ಟ್ರಂಪೆಟ್ಟಿನ ಕೊಳವೆ ಹಿತ್ತಾಳೆಯದು. ಸಾಮಾನ್ಯವಾಗಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು, ತಗಡಿನ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಕಾರ್ಖಾನೆಯ ಯಾವ ಬ್ರಷ್ಷೂ ವಾದ್ಯದೊಳಗೆ ಹೋಗಕೂಡದು. ಇದಕ್ಕೆ ವಿನಾಯಿತಿ ಕೇಳಬೇಡಿ.

ಉಕ್ಕಿನ ತಂತಿ ಬ್ರಷ್ ಬೇಡ ಎಂದರೆ ಎಲ್ಲರೂ ಒಪ್ಪುತ್ತಾರೆ. ವಾದ ಶುರುವಾಗುವುದು ಹಿತ್ತಾಳೆ ತಂತಿಯ ಬ್ರಷ್ಷಿನ ಹತ್ತಿರ. ‘ಹಿತ್ತಾಳೆಗೆ ಹಿತ್ತಾಳೆ, ಏನಾಗುತ್ತೆ?’ ಎನ್ನುತ್ತಾರೆ. ಎಳೆದು ತೆಗೆದ ತಂತಿ ಗಡಸು. ಬಗ್ಗಿಸುವ ಮುಂಚೆ ಕಾಯಿಸಿ ಮೆದು ಮಾಡಿದ ಕೊಳವೆ ಅದರ ಮುಂದೆ ಸೋಲುತ್ತದೆ, ಗೀರು ಬೀಳುತ್ತದೆ. ಆ ಗೀರುಗಳಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಇದಕ್ಕಿಂತ ಮೋಸದ್ದು ಡಿಬರಿಂಗಿಗೆ ಬಳಸುವ ಒರಟು ನೈಲಾನ್ ಬ್ರಷ್. ನೋಡಲು ಮಾಮೂಲಿ ನೈಲಾನ್, ಆದರೆ ಎಳೆಎಳೆಯಲ್ಲೂ ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿರುತ್ತದೆ. ಬೆರಳಿನ ಮೇಲೆ ಎಳೆದು ನೋಡಿ; ಮರಳು ಕಾಗದದ ಹಾಗೆ ತಾಗಿದರೆ ವಾಪಸು ಡಬ್ಬಿಗೆ ಹಾಕಿ. ವಾಲ್ವಿನ ಪಿಸ್ಟನ್ನಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೂದಲೆಳೆಗಿಂತ ಕಮ್ಮಿ. ಅಲ್ಲಿ ಒಂದು ಸಲ ಸವೆದರೆ ಗಾಳಿ ಸೋರುವುದು ನಿಲ್ಲುವುದಿಲ್ಲ.

ಕಾರ್ಖಾನೆಯಿಂದ ತರಬಹುದಾದ್ದು ಒಂದೇ: ವರ್ನಿಯರ್. ಅದನ್ನು ಕಡ್ಡಾಯವಾಗಿ ತನ್ನಿ. ಬ್ರಷ್ ಕೊಳ್ಳುವ ಮುಂಚೆ ಕೊಳವೆ ಅಳೆಯಬೇಕು. ಯಮಾಹಾ, ಬಾಖ್ ಕಂಪನಿಗಳ ಮಾಮೂಲಿ ಬಿ-ಫ್ಲಾಟ್ ಟ್ರಂಪೆಟ್‌ಗಳ ಬೋರ್ 11.65 ಮಿ.ಮೀ. ಸುತ್ತಮುತ್ತ. ಆದರೆ ನಮ್ಮ ಕಡೆಯ ಮದುವೆ ಬ್ಯಾಂಡುಗಳ ಕೈಯಲ್ಲಿ ಮೀರತ್‌ನ ವಾದ್ಯಗಳೂ ಇರುತ್ತವೆ. ಅಲ್ಲಿನ ಜಲೀ ಕೋಠಿ ಹಿತ್ತಾಳೆ ವಾದ್ಯಕ್ಕೇ ಹೆಸರಾದ ಜಾಗ; ನಾದಿರ್ ಅಲಿ ಕಂಪನಿ 1885ರಿಂದ ಇದೆ. ನಮ್ಮ ಬೀರುವಿನಲ್ಲಿರುವ ಹಳೆಯ ವಾದ್ಯಗಳ ಜೊತೆ ಅಳತೆಪಟ್ಟಿ ಬಂದಿಲ್ಲ, ಹಾಗಾಗಿ ಅಂದಾಜು ನಡೆಯದು. ಟ್ಯೂನಿಂಗ್ ಸ್ಲೈಡ್ ಹೊರಗೆಳೆದು, ಒಳಗೆ ತೂರುವ ಕಾಲಿನ ಒಳವ್ಯಾಸ ಅಳೆಯಿರಿ. ಹೊರಗಿನ ತೋಳು ಅಳೆದರೆ ಲೆಕ್ಕ ತಪ್ಪುತ್ತದೆ, ಅದು ಹೇಗೂ ದೊಡ್ಡದು.

ಕೊಳ್ಳಬೇಕಾದ್ದು ಮೂರು ಬ್ರಷ್. ಮೂರಕ್ಕೂ ಕೂದಲು ಮೆದು ನೈಲಾನಿನದೇ ಇರಬೇಕು.

ಮೊದಲನೆಯದು ಉದ್ದನೆಯ ಬಳುಕುವ ಬ್ರಷ್, ಸ್ನೇಕ್ ಅನ್ನುತ್ತಾರಲ್ಲ ಅದು. ಆರಿಸುವಾಗ ತಲೆಗಿಂತ ಮೊದಲು ಬಾಲ ನೋಡಿ. ಬರೀ ಸ್ಪ್ರಿಂಗ್ ತಂತಿ ಕಾಣುತ್ತಿದ್ದರೆ ಬೇಡ: ಸ್ಲೈಡಿನ ತಿರುವಿನಲ್ಲಿ ಅದು ಉಜ್ಜುತ್ತದೆ, ಹಳತಾದರೆ ಸುರುಳಿ ಬಿಚ್ಚಿ ಒಳಗೇ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೂ ಪ್ಲಾಸ್ಟಿಕ್ ಹೊದಿಕೆ ಇರಬೇಕು, ಎರಡೂ ತುದಿಯ ಲೋಹದ ಮೂತಿ ಮುಚ್ಚಿರಬೇಕು. ಬ್ರಷ್ಷಿನ ತಲೆ ಕೊಳವೆಗಿಂತ ಒಂದೆರಡು ಮಿ.ಮೀ. ದಪ್ಪವಿದ್ದರೆ ಸಾಕು. ದಪ್ಪ ಇದ್ದಷ್ಟೂ ಚೆನ್ನಾಗಿ ತೊಳೆಯುತ್ತದೆ ಎನ್ನುವುದು ಸುಳ್ಳು. ಲೀಡ್ ಪೈಪ್, ಅಂದರೆ ಮೌತ್‌ಪೀಸ್ ಕೂರುವ ಕೊಳವೆ, ಬಾಯಿಯ ಕಡೆ 9 ಮಿ.ಮೀ.ಗೆ ಇಳಿಯುತ್ತದೆ. ಅಲ್ಲಿಗೆ ಸಣ್ಣ ತಲೆಯದೇ ಬೇಕು. ಸ್ಲೈಡ್ ತೆಗೆದು ಅಗಲದ ಕಡೆಯಿಂದ ತೂರಿಸಿ, ಮೂತಿ ಈಚೆ ಬಂದ ಮೇಲೆ ಎಳೆದುಕೊಳ್ಳಿ. ಅತಿ ಹೆಚ್ಚು ಕೊಳೆ ಕೂರುವ ಜಾಗ ಇದೇ. ಮದುವೆ ಮನೆಯಲ್ಲಿ ಹೋಳಿಗೆ, ಪಾಯಸ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಹಾಗೇ ಬಂದು ಊದಿದರೆ ಎಲ್ಲವೂ ಇಲ್ಲಿಯೇ ಇಳಿಯುತ್ತದೆ. ಬಾಯಿ ಮುಕ್ಕಳಿಸದೆ ವಾದ್ಯ ಮುಟ್ಟಕೂಡದು. ಗುಟ್ಕಾ ಜಗಿಯುವವರು ಈ ಕೋಣೆಯ ವಾದ್ಯ ಮುಟ್ಟಲೇ ಕೂಡದು.

ಎರಡನೆಯದು ಮೌತ್‌ಪೀಸ್ ಬ್ರಷ್, ಮೊನೆಯ ಕಡೆ ಸಣ್ಣಗಾಗುತ್ತ ಹೋಗುವಂಥದ್ದು. ಮೌತ್‌ಪೀಸಿನ ಕಂಠ ಸಾಮಾನ್ಯವಾಗಿ 27ನೇ ನಂಬರ್ ಡ್ರಿಲ್ಲಿನ ಅಳತೆ, ಅಂದರೆ 3.66 ಮಿ.ಮೀ. ಡ್ರಿಲ್ ನಂಬರ್ ಗೊತ್ತಾಯಿತೆಂದು ಡ್ರಿಲ್ ಬಿಟ್ಟನ್ನೇ ತೂರಿಸುವವರೂ ಉಂಟು. ಮಾಡಬಾರದು. ಕಂಠ ಎಳೆಯಷ್ಟು ದೊಡ್ಡದಾದರೂ ಉಸಿರಿನ ಲೆಕ್ಕ, ಶ್ರುತಿ ಎರಡೂ ಬದಲಾಗುತ್ತವೆ. ಆಮೇಲೆ ಸರಿಮಾಡಲು ದಾರಿಯಿಲ್ಲ. ಗುಂಡುಪಿನ್ನು, ಸೈಕಲ್ ಕಡ್ಡಿ, ಟೂತ್‌ಪಿಕ್ಕಿಗೂ ಇದೇ ಮಾತು. ಈ ಬ್ರಷ್ಷನ್ನು ಒಬ್ಬರದು ಇನ್ನೊಬ್ಬರು ಬಳಸಬಾರದು.

ಮೂರನೆಯದು ವಾಲ್ವಿನ ಗೂಡಿಗೆ. ಅದರ ಒಳಅಗಲ 17 ಮಿ.ಮೀ. ಹತ್ತಿರ ಬರುತ್ತದೆ, ಸ್ನೇಕ್ ಅಲ್ಲಿ ಒಂದು ಪಕ್ಕ ಮಾತ್ರ ಉಜ್ಜುತ್ತದೆ. ಹಿಡಿಕೆ ನೆಟ್ಟಗಿರುವ, ತುದಿಯಲ್ಲಿ ಕೂದಲಿನ ಕುಚ್ಚು ಇರುವ ಬ್ರಷ್ ಬೇಕು. ಅಡುಗೆಮನೆಯ ಬಾಟಲಿ ಬ್ರಷ್ ಅಳತೆಗೆ ಸರಿಹೋದರೂ ಒಗ್ಗದು, ಅದರ ತುದಿಯಲ್ಲಿ ತಿರುಚಿದ ತಂತಿ ಚುಚ್ಚಿಕೊಂಡಿರುತ್ತದೆ. ಪಿಸ್ಟನ್ ತೊಳೆಯುವಾಗ ಮೇಲಿನ ಫೆಲ್ಟ್ ಒದ್ದೆಯಾಗಬಾರದು. 1, 2, 3 ಎಂದು ಕೆತ್ತಿರುವುದು ನೋಡಿ ಆಯಾ ಗೂಡಿಗೇ ಇಳಿಸಿ.

ನೀರಿನ ವಿಷಯ. ನಮ್ಮ ಕಡೆಯ ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಹಾಗೇ ಒಣಗಲು ಬಿಟ್ಟರೆ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿದ ಉಗುರುಬೆಚ್ಚನೆಯ ನೀರು ಬಳಸಿ, ಕೊನೆಯ ಜಾಲಾಟ ಕುಡಿಯುವ ಫಿಲ್ಟರ್ ನೀರಿನಲ್ಲಿ ಮಾಡಿ, ಬಟ್ಟೆಯಿಂದ ಒರೆಸಿ ಒಣಗಿಸಿ. ಮಧ್ಯಾಹ್ನದ ಸೋಲಾರ್ ನೀರು ನೇರವಾಗಿ ಬಿಡಬೇಡಿ, ಲ್ಯಾಕರ್ ಏಳುತ್ತದೆ. ಕಾರ್ಖಾನೆಯ ಏರ್ ಗನ್ ಹಿಡಿಯಬೇಡಿ. ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆ, ನೀರು ಬರುತ್ತವೆ, ನೀವು ಬಾಯಿಟ್ಟು ಊದುವುದು ಅದೇ ಕೊಳವೆಗೆ. ಹುಣಸೆಹಣ್ಣು, ಪೀತಾಂಬರಿ, ತೆಂಗಿನ ನಾರು ದೇವರ ಮನೆಯ ದೀಪಗಳಿಗೆ ಇರಲಿ.

ಒದ್ದೆ ಬ್ರಷ್ಷನ್ನು ಕೇಸಿನೊಳಗಿಟ್ಟು ಮುಚ್ಚುವವರು ಇದನ್ನು ಓದಬೇಕು. 2010ರಲ್ಲಿ ‘ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆ ಅಮೆರಿಕದ ಒಬ್ಬ ಟ್ರೊಂಬೋನ್ ವಾದಕನ ಕಥೆ ಪ್ರಕಟಿಸಿತು. 15 ವರ್ಷ ಬಿಡದ ಕೆಮ್ಮು. ಅವನ ವಾದ್ಯದೊಳಗೆ ಬೂಷ್ಟು, ಬ್ಯಾಕ್ಟೀರಿಯಾ ಸಿಕ್ಕವು. ವಾದ್ಯವನ್ನು ಶುಚಿಯಾಗಿಡತೊಡಗಿದ ಮೇಲೆ ಕೆಮ್ಮು ನಿಂತಿತು. ಬ್ರಷ್ ತೊಳೆದು, ಗಾಳಿಗೆ ತೂಗುಹಾಕಿ, ಒಣಗಿದ ಮೇಲೆ ಎತ್ತಿಡಿ. ಕೂದಲು ಉದುರುತ್ತಿದ್ದರೆ, ಮೂತಿಯ ಮುಚ್ಚಳ ಬಿದ್ದಿದ್ದರೆ ಅಂದೇ ಎಸೆಯಿರಿ. ಸಾವಿರಾರು ರೂಪಾಯಿಯ ವಾದ್ಯಕ್ಕೆ ಕೆಲವು ನೂರರ ಬ್ರಷ್ಷಿನಲ್ಲಿ ಜಿಪುಣತನ ಬೇಡ.

ಮೌತ್‌ಪೀಸ್ ವಾರಕ್ಕೊಮ್ಮೆ, ಲೀಡ್ ಪೈಪ್ ತಿಂಗಳಿಗೊಮ್ಮೆ. ಪೂರ್ತಿ ಬಿಡಿಸಿ ತೊಳೆಯುವ ಕೆಲಸ ಆಷಾಢದಲ್ಲಿ, ಮದುವೆಗಳಿಲ್ಲದ ತಿಂಗಳು ಅದಕ್ಕೇ ಸರಿ. ಗಣೇಶನ ಮೆರವಣಿಗೆಗಳು ಮುಗಿದ ಮೇಲೆ ಇನ್ನೊಮ್ಮೆ, ಆ ಬಣ್ಣದ ಪುಡಿ ಬೆಲ್ಲಿನೊಳಗೆಲ್ಲ ಕೂತಿರುತ್ತದೆ. ಲೀಡ್ ಪೈಪಿನ ಮೇಲೆ ನಡುವೆ ಕಪ್ಪಾಗಿ ಸುತ್ತ ಗುಲಾಬಿ ಬಣ್ಣದ ಚುಕ್ಕೆ ಕಂಡರೆ ಉಜ್ಜಲು ಹೋಗಬೇಡಿ. ಹಿತ್ತಾಳೆಯಿಂದ ಸತು ಬಿಟ್ಟುಹೋಗಿ ಒಳಗಿನಿಂದ ತಿಂದುಹೋಗುತ್ತಿರುವ ಗುರುತು ಅದು, ಬ್ರಷ್ಷಿನ ಕೈಲಾಗದ ಕೆಲಸ.

ಬ್ರಷ್ ಒಳಗೆ ಸಿಕ್ಕಿಕೊಂಡರೆ ಅಲ್ಲಿಗೇ ನಿಲ್ಲಿಸಿ. ಇಕ್ಕಳದಿಂದ ಎಳೆಯುವುದು, ಇನ್ನೊಂದು ಕಡೆಯಿಂದ ಸರಳು ತಳ್ಳುವುದು, ಸ್ಲೈಡಿಗೆ ಮರದ ಸುತ್ತಿಗೆ ಹಾಕುವುದು ಯಾವುದೂ ಕೂಡದು. ವಾದ್ಯವನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ ಕೋಣೆಗೆ ತಂದುಕೊಡಿ, ರಿಪೇರಿಯವರು ನೋಡುತ್ತಾರೆ. ಯಾವ ಬ್ರಷ್ ಹಾಕಿದ್ದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಕೇಸಿನೊಳಗಿಡಿ.