ಬಿಳುಪಿನ ನಡುವೆ ಒಂದು ಹುಲ್ಲುಕಡ್ಡಿ

ನಮ್ಮ ಭಾಷೆಯಲ್ಲಿ ಹಿಮಾಲಯದ ಮೇಲೆ ಬೀಳುವುದೂ ಮಂಜು. ಪುಷ್ಯಮಾಸದ ಮುಂಜಾನೆ ಕುಣಿಗಲಿನ ದೊಡ್ಡಕೆರೆಯ ಮೇಲೆ ಕವಿಯುವುದೂ ಮಂಜು. ಶೀತದೇಶಗಳ ಛಾಯಾಚಿತ್ರಗಾರರು ಹಿಮದ ಬಯಲಿನಲ್ಲಿ ಒಂದು ಒಣಕಡ್ಡಿಯನ್ನೋ ಒಂದು ಹಕ್ಕಿಯ ಹೆಜ್ಜೆಯನ್ನೋ ಮಾತ್ರ ಹಿಡಿದು, ಉಳಿದುದನ್ನೆಲ್ಲ ಬರಿದಾಗಿ ಬಿಟ್ಟ ಚಿತ್ರಗಳುಂಟು. ಅವನ್ನು ನೋಡಿದ ನಮ್ಮ ವಿದ್ಯಾರ್ಥಿನಿಯರು, "ಇಂತಹುದು ನಮ್ಮ ತುಮಕೂರಿನಲ್ಲಿ ಆಗಲಾರದು" ಎಂದು ನಿಟ್ಟುಸಿರಿಟ್ಟರು. ಆ ಮಾತು ನಿಜವೋ ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಹಿಮದ ಸಂಗತಿಯನ್ನೇ ತಿಳಿಯೋಣ. ಅಮೆರಿಕದ ವರ್ಮಾಂಟ್ ಸಂಸ್ಥಾನದ ಜೆರಿಕೋ ಎಂಬ ಊರಿನಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನ ಮಗನು 1865ರಲ್ಲಿ ಹುಟ್ಟಿದನು. ಹಿಂದೆ ಉಪಾಧ್ಯಾಯಿನಿಯಾಗಿದ್ದ ಅವನ ತಾಯಿ ಮನೆಯಲ್ಲಿಯೇ ಅವನಿಗೆ ಪಾಠ ಹೇಳಿ, ಒಂದು ಸೂಕ್ಷ್ಮದರ್ಶಕವನ್ನು ಕೊಟ್ಟಳು. ಅದಕ್ಕೆ ಛಾಯಾಯಂತ್ರವನ್ನು ಜೋಡಿಸಿ, 1885ರ ಜನವರಿ 15ರಂದು ಅವನು ಒಂದೇ ಹಿಮಹರಳಿನ ಚಿತ್ರವನ್ನು ತೆಗೆದನು. 1931ರಲ್ಲಿ ತೀರಿಕೊಳ್ಳುವುದರೊಳಗೆ ಅಂತಹ 5,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದನು. ಅವನು ಅದ್ಭುತಗಳನ್ನು ಅರಸಿ ದೂರ ಹೋಗಲಿಲ್ಲ. ತನ್ನ ಅಂಗಳದಲ್ಲಿ ಬಿದ್ದುದನ್ನೇ ನೋಡಿದನು.

ನಮ್ಮ ಅಂಗಳದಲ್ಲಿ ಬೀಳುವುದೇನು? ಇಲ್ಲಿಯ ಗಾಳಿಯು ನೀರು ಹೆಪ್ಪುಗಟ್ಟುವಷ್ಟು ತಣಿಯದಾದುದರಿಂದ ಹಿಮ ಬೀಳದು. ಆದರೆ ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡಲು, ನೆಲಕ್ಕೆ ತಗಲಿದ ಗಾಳಿಯೂ ತಣಿದು ಅದರೊಳಗಿನ ನೀರಾವಿಯು ಹನಿಗಟ್ಟುವುದು. ಹುಲ್ಲಿನ ಮೇಲೆ ಕುಳಿತರೆ ಅದು ಇಬ್ಬನಿ. ಗಾಳಿಯಲ್ಲಿ ತೇಲಿದರೆ ಮಂಜು. ಕುಣಿಗಲಿನ ಕೆರೆಯ ಏರಿಯಲ್ಲಿಯೂ, ಗುಬ್ಬಿಯ ತೆಂಗಿನ ತೋಟಗಳ ಅಂಚಿನಲ್ಲಿಯೂ, ಸುಮಾರು 4,000 ಅಡಿ ಎತ್ತರದ ದೇವರಾಯನದುರ್ಗದಲ್ಲಿಯೂ ಆಗ ಕಂಬ, ತಂತಿ, ಮನೆಗಳೆಲ್ಲ ಮರೆಯಾಗಿ, ಎದುರಿನ ಒಂದು ಜೇಡರ ಬಲೆ ಮಾತ್ರ ಉಳಿಯುವುದು. ಶ್ರಾವಣದ ಮೋಡ ಕವಿದ ಆಕಾಶವೂ ಇಂತಹುದೇ ಬಿಳಿಯ ಹಾಳೆ.

ಇನ್ನು ಪಾಠಕ್ಕೆ ಬರೋಣ. ಮೊದಲನೆಯದಾಗಿ, ಒಂದು ಚಿತ್ರದಲ್ಲಿ ಒಂದೇ ವಸ್ತುವಿರಲಿ. ಗುಬ್ಬಿಯ ಪೇಟೆಯಲ್ಲಿ ತಂತಿಯ ಮೇಲೆ ಕುಳಿತ ಗುಬ್ಬಿಯಾದರೂ ಸಾಕು. ಅದನ್ನು ನಟ್ಟನಡುವೆ ಇಡದೆ ಒಂದು ಬದಿಗಿಟ್ಟು, ಅದು ನೋಡುವ ಕಡೆಗೆ ಬಯಲನ್ನು ಹೆಚ್ಚಾಗಿ ಬಿಡತಕ್ಕದ್ದು. ಎರಡನೆಯದಾಗಿ, ಯಂತ್ರದ ಬೆಳಕಿನ ಮಾಪಕವು ಎದುರಿನದೆಲ್ಲವನ್ನೂ ನಡುಬೂದು ಬಣ್ಣವೆಂದೇ ಎಣಿಸುವುದು. ಆದುದರಿಂದ ಬಿಳುಪು ಬೂದಿಯಂತಾಗುವುದು. ಹಿಮದಲ್ಲಿ ಅದು ಹೇಳಿದುದಕ್ಕಿಂತ ಒಂದರಿಂದ ಎರಡು ಸ್ಟಾಪ್, ಎಂದರೆ ಎರಡರಿಂದ ನಾಲ್ಕು ಪಟ್ಟು, ಬೆಳಕನ್ನು ಹೆಚ್ಚಾಗಿ ಕೊಡುವರು. ನಮ್ಮ ಮಂಜಿಗೆ ಸಾಮಾನ್ಯವಾಗಿ ಒಂದು ಸ್ಟಾಪ್ ಸಾಕು. ಮೊಬೈಲಿನಲ್ಲಿಯೂ ಬೆಳಕನ್ನು ಹೀಗೆ ಏರಿಸಬಹುದು. ಮೂರನೆಯದಾಗಿ, ಹುಲ್ಲಿನ ಎತ್ತರಕ್ಕೆ ನಾವೇ ಮಂಡಿಯೂರತಕ್ಕದ್ದು. ವರ್ಣವಿಲ್ಲದೆಯೂ ಚಿತ್ರವು ಮಾತನಾಡಬಲ್ಲುದೆಂಬುದಕ್ಕೆ ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ತೆಗೆದ ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳೇ ಸಾಕ್ಷಿ.

ನಾಲ್ಕನೆಯ ಪಾಠವನ್ನು ನಾವು ತಪ್ಪು ಮಾಡಿ ಕಲಿತೆವು. ಒಂದು ಶ್ರಾವಣದಲ್ಲಿ ಗುಬ್ಬಿಯ ಸಮೀಪದ ಬೇಲಿಯೊಂದರಲ್ಲಿ ಪುಟ್ಟ ಹಕ್ಕಿಯ ಗೂಡನ್ನು ಕಂಡು, ಅದರ ಹಿಂದೆ ಬಿಳಿಯ ಆಕಾಶವೊಂದೇ ಕಾಣಲೆಂದು ಅಡ್ಡವಾಗಿದ್ದ ಎರಡು ಮುಳ್ಳುರೆಂಬೆಗಳನ್ನು ಬಾಗಿಸಿ ಕಟ್ಟಿದೆವು. ಚಿತ್ರವು ಚೆನ್ನಾಗಿಯೇ ಬಂದಿತು. ಆದರೆ ಕಟ್ಟನ್ನು ಬಿಚ್ಚಲು ಮರೆತೆವು. ಮೂರನೆಯ ದಿನ ಹೋಗಿ ನೋಡಲು, ಗೂಡು ಬರಿದಾಗಿದ್ದಿತು; ಕೆಳಗೆ ಮೊಟ್ಟೆಯ ಚಿಪ್ಪುಗಳಿದ್ದವು. ನಮಗೆ ಬೇಡವಾದ ರೆಂಬೆಯೇ ಆ ಹಕ್ಕಿಗೆ ಬಾಗಿಲಾಗಿದ್ದಿತು. ಆ ಚಿತ್ರವನ್ನು ನಾವು ಯಾರಿಗೂ ತೋರಿಸಲಿಲ್ಲ. ಅಂದಿನಿಂದ, ಬೇಡವಾದುದನ್ನು ಬಿಡಬೇಕಾದರೆ ನಾವು ನಿಂತ ಸ್ಥಳವನ್ನು ಬದಲಿಸುವೆವೇ ಹೊರತು, ಅದರ ಸ್ಥಳವನ್ನು ಬದಲಿಸುವುದಿಲ್ಲ.

ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಈಗ ಹಿಮ ಬೀಳುವ ದೇಶಗಳಲ್ಲಿರಬಹುದು. ಅಲ್ಲಿಯೂ ಈ ನಿಯಮವೇ ನಡೆಯುವುದು. ತಾಯಿತಂದೆಗಳೇ, ಮುಂದಿನ ಪುಷ್ಯದಲ್ಲಿ ನಿಮ್ಮ ಮಗಳು ಬೆಳಕು ಹರಿಯುವ ಮೊದಲೇ ಎದ್ದು, ಹಿತ್ತಿಲಿನ ಹುಲ್ಲಿನ ಮುಂದೆ ಮಂಡಿಯೂರಿದರೆ ಗದರಿಸದಿರಿ. ಬಿಸಿಲೇರುವವರೆಗೆ ಮಾತ್ರವೇ ಆ ಬಿಳುಪು ಇರುವುದು.