ಕ್ರೋನೋಗ್ರಾಫ್ ವಾಚ್ ಕೊಳ್ಳುವವರಿಗೆ ಏಳು ಸೂತ್ರಗಳು

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದದ್ದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ. ಯಶವಂತಪುರದಿಂದ ಯಲಹಂಕದವರೆಗೆ ಎಷ್ಟೋ ಮನೆಗಳಲ್ಲಿ ಮೊದಲ ಸಂಬಳದಲ್ಲಿ ಕೊಂಡ ವಾಚ್ ಎಚ್‌ಎಂಟಿಯೇ ಆಗಿತ್ತು. ಈಗ ಮೊದಲ ಸಂಬಳ ಎಣಿಸುವ ಹುಡುಗ ಹುಡುಗಿಯರ ಕಣ್ಣು ಪುಟ್ಟ ಡಯಲ್‌ಗಳ, ಎರಡು ಗುಂಡಿಗಳ ಕ್ರೋನೋಗ್ರಾಫ್ ಮೇಲೆ. ಕೊಳ್ಳಿ, ಆದರೆ ಇಷ್ಟು ತಿಳಿದು ಕೊಳ್ಳಿ.

1. ಏನನ್ನು ಅಳೆಯುತ್ತೀರಿ, ಮೊದಲು ನಿರ್ಧರಿಸಿ. ಕ್ರೋನೋಗ್ರಾಫ್ ಎಂದರೆ ಸ್ಟಾಪ್‌ವಾಚ್ ಇರುವ ಕೈಗಡಿಯಾರ. ಬೆಳಗಿನ ಓಟಕ್ಕೆ 30 ನಿಮಿಷ ಎಣಿಸುವ ಡಯಲ್ ಸಾಕು. ಮೂರು ಗಂಟೆಯ ಮಾದರಿ ಪರೀಕ್ಷೆ ಬರೆಯುವವರಿಗೆ ಗಂಟೆ ಎಣಿಸುವ ಡಯಲ್ಲೂ ಬೇಕು.

2. ಒಳಗಿನ ಯಂತ್ರ ಯಾವುದೆಂದು ಕೇಳಿ. ಸೆಲ್ ಹಾಕುವ ಕ್ವಾರ್ಟ್ಜ್ ವಾಚ್ ತಿಂಗಳಿಗೆ ಕೆಲವೇ ಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಮೆಕ್ಯಾನಿಕಲ್ ವಾಚ್ ದಿನಕ್ಕೇ ಅಷ್ಟು ವ್ಯತ್ಯಾಸ ತೋರಬಹುದು, ಬೆಲೆಯೂ ಹಲವು ಪಟ್ಟು. ಮೊದಲ ಕ್ರೋನೋಗ್ರಾಫ್ ಆದರೆ ಕ್ವಾರ್ಟ್ಜ್ ತೆಗೆದುಕೊಳ್ಳಿ. ಹಲ್ಲುಚಕ್ರಗಳ ಕೆಲಸವನ್ನು ಪ್ರೀತಿಸುವವರು ಮಾತ್ರ ಮೆಕ್ಯಾನಿಕಲ್‌ಗೆ ಹಣ ಹಾಕಿ.

3. ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಿ. ಕ್ರೋನೋಗ್ರಾಫ್‌ನಲ್ಲಿ ನಡುವಿನ ಉದ್ದ ಸೆಕೆಂಡ್ ಮುಳ್ಳು ಸಾಮಾನ್ಯವಾಗಿ 12ರ ಮೇಲೆ ಸುಮ್ಮನೆ ನಿಂತಿರುತ್ತದೆ. ಮೇಲಿನ ಗುಂಡಿ ಒತ್ತಿದರೆ ಓಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು. ಕೆಳಗಿನ ಗುಂಡಿ ಒತ್ತಿದರೆ ಸರಿಯಾಗಿ 12ಕ್ಕೇ ಮರಳಬೇಕು. ಅಗ್ಗದ ಕೆಲವು ವಾಚ್‌ಗಳಲ್ಲಿ ಪುಟ್ಟ ಡಯಲ್‌ಗಳು ಬರೀ ಅಲಂಕಾರ. ಅಂಥದ್ದನ್ನು ಮುಟ್ಟಬೇಡಿ.

4. ಟ್ಯಾಕಿಮೀಟರ್ ಪಟ್ಟಿ ಓದಲು ಕಲಿಯಿರಿ. ಡಯಲ್‌ನ ಅಂಚಿನಲ್ಲಿರುವ ಆ ಅಂಕಿಗಳು ವೇಗ ಹೇಳುತ್ತವೆ. ಯಶವಂತಪುರದಿಂದ ರೈಲು ಹತ್ತಿದಾಗ ಕಿಟಕಿ ಪಕ್ಕ ಕುಳಿತು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯಿರಿ. 36 ಸೆಕೆಂಡು ಆದರೆ ಗಂಟೆಗೆ 100 ಕಿ.ಮೀ., 45 ಆದರೆ 80. ಲೆಕ್ಕ ಸರಳ: 3,600ನ್ನು ಸೆಕೆಂಡುಗಳಿಂದ ಭಾಗಿಸಿದರಾಯಿತು. ನೀವೇ ಗಾಡಿ ಓಡಿಸುವಾಗ ಮಾತ್ರ ಈ ಅಭ್ಯಾಸ ಬೇಡ.

5. ಕೈಗೆ ಕಟ್ಟಿಯೇ ಆರಿಸಿ. ಮೆಕ್ಯಾನಿಕಲ್ ಕ್ರೋನೋಗ್ರಾಫ್ ದಪ್ಪ. ಜನಪ್ರಿಯ ವಾಲ್‌ಜೂ 7750 ಯಂತ್ರವೊಂದೇ 7.9 ಮಿ.ಮೀ. ಇದೆ. ಸ್ಟ್ರಾಪ್ ಸಿಕ್ಕಿಸುವ ತುದಿಗಳು ಮಣಿಕಟ್ಟಿನಾಚೆ ಚಾಚಬಾರದು. ಆಫೀಸಿಗೆ ಹೋಗುವವರು ತುಂಬುತೋಳಿನ ಅಂಗಿ ಹಾಕಿಕೊಂಡೇ ಅಂಗಡಿಗೆ ಹೋಗಿ, ವಾಚ್ ತೋಳಿನೊಳಗೆ ಸೇರುತ್ತದೆಯೇ ನೋಡಿ.

6. ನೀರಿನ ಅಂಕಿ ನಂಬಿ ಮೋಸ ಹೋಗಬೇಡಿ. '30 ಮೀಟರ್' ಎಂದು ಬರೆದಿದ್ದರೆ ಕೈ ತೊಳೆಯುವಾಗಿನ ಹನಿ ತಡೆಯುತ್ತದೆ ಎಂದಷ್ಟೇ ಅರ್ಥ. ಈಜುವುದಾದರೆ 100 ಮೀಟರ್ ಇರಲಿ. ನೀರಿನೊಳಗೆ ಗುಂಡಿ ಒತ್ತಲೇಬೇಡಿ. ಹೆಚ್ಚಿನ ಕ್ರೋನೋಗ್ರಾಫ್‌ಗಳಲ್ಲಿ ನೀರು ನುಗ್ಗುವುದು ಅಲ್ಲಿಂದಲೇ.

7. ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳಿ ದುಡ್ಡು ಕೊಡಿ. ಬಿಡಿಭಾಗ ಹೆಚ್ಚಿರುವ ಕಾರಣ ಸಾದಾ ವಾಚ್‌ಗಿಂತ ಇದರ ಸರ್ವಿಸ್ ದುಬಾರಿ. ಮೆಕ್ಯಾನಿಕಲ್ ಆದರೆ ಸುಮಾರು ಐದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಆರ್.ಟಿ. ನಗರದ ಅಂಗಡಿಯಾಗಲಿ, ಹೆಬ್ಬಾಳದ ಮಾಲ್ ಆಗಲಿ, ಬಿಲ್ ಮತ್ತು ಮೊಹರು ಹಾಕಿದ ವಾರಂಟಿ ಕಾರ್ಡ್ ಬಿಟ್ಟು ಬರಬೇಡಿ. ಸೆಕೆಂಡ್ ಹ್ಯಾಂಡ್ ಆದರೆ ಹಳೆಯ ಸರ್ವಿಸ್ ಚೀಟಿ ಕೇಳಿ.

ಕೊಂಡ ಮೇಲೆ ದಿನವೂ ಬಳಸಿ. 1970ರಲ್ಲಿ ಅಪೊಲೊ 13 ನೌಕೆ ಅಪಾಯಕ್ಕೆ ಸಿಕ್ಕಿದಾಗ, ದಾರಿ ಸರಿಪಡಿಸಲು 14 ಸೆಕೆಂಡು ಎಂಜಿನ್ ಉರಿಸಬೇಕಾಯಿತು. ಗಗನಯಾತ್ರಿಗಳು ಆ ಸಮಯ ಅಳೆದದ್ದು ಒಮೆಗಾ ಸ್ಪೀಡ್‌ಮಾಸ್ಟರ್ ಕ್ರೋನೋಗ್ರಾಫ್‌ನಲ್ಲಿ. ನೀವೂ ಹಾಗೆಯೇ ಓದಿಗೆ, ಓಟಕ್ಕೆ, ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಟ್ಟಿರೆಂದು ಅಳೆದು ನೋಡಿದರೆ ನಿಮ್ಮ ದಿನ ನಿಮ್ಮ ಕೈಗೆ ಬರುತ್ತದೆ. ಅಳೆಯುವ ಕೆಲಸವಿದ್ದರೆ ಕ್ರೋನೋಗ್ರಾಫ್ ಕೊಳ್ಳಿ. ಬರೀ ಗಂಟೆ ನೋಡುವುದಕ್ಕಾದರೆ, ಅದೇ ಹಣಕ್ಕೆ ಇನ್ನೂ ಉತ್ತಮವಾದ ಮೂರು ಮುಳ್ಳಿನ ಸಾದಾ ವಾಚ್ ಸಿಗುತ್ತದೆ.