ಹಣ್ಣು ಯಾವುದು, ಕಾಯಿಪಲ್ಯ ಯಾವುದು?



ಕಾಯಿಪಲ್ಯವು ನಿತ್ಯದ ಅಡಿಗೆಗೆ, ಹಣ್ಣು ಹಬ್ಬಕ್ಕೆ ಅಥವಾ ಹಾಸಿಗೆ ಹಿಡಿದ ರೋಗಿಗೆ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಬಹಳ ಹಿಂದಿನಿಂದ ಬಂದಿದೆ. ಪತ್ನಿಯು ಗರ್ಭಿಣಿಯಾದಾಗ ಕೂಲಿಯ ಹಣದಲ್ಲಿ ಪೇಟೆಯಿಂದ ಎರಡು ಸೇಬು ಕೊಂಡು ತರುವ ಪತಿಯು, ಹಿತ್ತಲಲ್ಲಿಯೇ ಇರುವ ನುಗ್ಗೆಸೊಪ್ಪನ್ನೂ ಪೇರಲ ಹಣ್ಣನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣ್ಣಿಗೂ ಕಾಯಿಪಲ್ಯಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಅರಿತರೆ ಹಣವೂ ಉಳಿಯುತ್ತದೆ. ತಾಯಿ ಮಕ್ಕಳ ಆರೋಗ್ಯವೂ ಉಳಿಯುತ್ತದೆ.

ಸಸ್ಯಶಾಸ್ತ್ರ ಏನು ಹೇಳುತ್ತದೆ?

ಹೂವಿನ ಅಂಡಾಶಯವು ಬಲಿತು, ಬೀಜವನ್ನು ಒಳಗೊಂಡು ಬೆಳೆದ ಭಾಗವೇ ಫಲ. ಈ ಲೆಕ್ಕದಲ್ಲಿ ಬದನೆ, ಬೆಂಡೆ, ಹೀರೆ, ಸೌತೆ, ಕುಂಬಳ, ಟೊಮ್ಯಾಟೊ, ಮೆಣಸಿನಕಾಯಿ ಇವೆಲ್ಲವೂ ಫಲಗಳೇ. ಗಜ್ಜರಿ, ಮೂಲಂಗಿಗಳು ಬೇರು. ಆಲೂಗಡ್ಡೆಯು ನೆಲದೊಳಗಿನ ಕಾಂಡ. ಮೆಂತ್ಯ, ಪುಂಡಿ, ರಾಜಗಿರಿ ಇವು ಎಲೆ. ಇವು ಫಲಗಳಲ್ಲ. ತರಕಾರಿ ಎಂಬುದು ಸಸ್ಯಶಾಸ್ತ್ರದ ಹೆಸರಲ್ಲ, ಅಡಿಗೆಮನೆಯ ಹೆಸರು. ಗಿಡದ ಯಾವುದೇ ಭಾಗವನ್ನು ರೊಟ್ಟಿ, ಅನ್ನಗಳೊಡನೆ ಪಲ್ಯವಾಗಿಯೋ ಸಾರಾಗಿಯೋ ಉಂಡರೆ ಅದು ತರಕಾರಿ ಎನಿಸಿಕೊಳ್ಳುತ್ತದೆ.

ಅಮೆರಿಕಾ ದೇಶದಲ್ಲಿ ಹಿಂದೆ ಹೊರದೇಶದ ತರಕಾರಿಗೆ ಸುಂಕವಿದ್ದು, ಹಣ್ಣಿಗೆ ಇರಲಿಲ್ಲ. ಟೊಮ್ಯಾಟೊ ಯಾವ ಗುಂಪಿಗೆ ಸೇರಿದುದೆಂಬ ವ್ಯಾಜ್ಯವು ಅಲ್ಲಿಯ ಸುಪ್ರೀಂ ಕೋರ್ಟನ್ನು ತಲುಪಿತು. ಶಾಸ್ತ್ರದಲ್ಲಿ ಅದು ಫಲವಾದರೂ ಜನರ ಊಟದ ರೂಢಿಯಲ್ಲಿ ತರಕಾರಿಯೇ ಎಂದು 1893ರಲ್ಲಿ ತೀರ್ಪಾಯಿತು.

ಬಾಳೆಯ ಪಾಠ

ನಮ್ಮ ಭಾಷೆಯು ಈ ತೊಡಕನ್ನು ಎರಡು ಮಾತುಗಳಲ್ಲಿ ಬಿಡಿಸಿದೆ: ಕಾಯಿ ಮತ್ತು ಹಣ್ಣು. ಹಂಪಿ, ಕಮಲಾಪುರ, ಕಂಪ್ಲಿಗಳ ಸುತ್ತಲೂ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆಯುವ ಬಾಳೆಯನ್ನೇ ನೋಡಿರಿ. ಅದರ ಹೂವು, ದಿಂಡು, ಕಾಯಿಗಳು ಪಲ್ಯಕ್ಕೆ ಒದಗುತ್ತವೆ. ಅದೇ ಕಾಯಿ ಮಾಗಿದಾಗ ಅದರಲ್ಲಿಯ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು, ಬೇಯಿಸದೆ ತಿನ್ನುವ ಹಣ್ಣಾಗುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನ ಜೊತೆಗೆ ಈ ಹಣ್ಣನ್ನು ಚೆನ್ನಾಗಿ ಮಸೆದು ತಿನ್ನಿಸಬಹುದು.

ಈ ಸೀಮೆಯ ಸಂತೆಗಳ ಸಮೃದ್ಧಿ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಪ್ರತಿದಿನವೂ ಹೇರು ಹೇರಾಗಿ ಬರುತ್ತಿದ್ದ ನಿಂಬೆ, ಕಿತ್ತಳೆ, ಬದನೆಗಳ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಇಂದು ನಮಗೆ ಮನೆಯ ಬೆಳೆಗಳೇ ಆಗಿರುವ ಟೊಮ್ಯಾಟೊ, ಪೇರಲ, ಪಪ್ಪಾಯಿಗಳು ಅಮೆರಿಕಾ ಖಂಡದಿಂದ ಬಂದವು. ಪಪ್ಪಾಯಿಗೆ ಇರುವ ಪರಂಗಿ ಎಂಬ ಹೆಸರೇ ಅದು ಪರಂಗಿಯವರ ಕಾಲದಲ್ಲಿ ಬಂದುದನ್ನು ಸೂಚಿಸುತ್ತದೆ.

ಗರ್ಭಿಣಿಗೆ ಈ ತಿಳಿವಳಿಕೆ ಏಕೆ ಬೇಕು?

ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇರುವ ಗರ್ಭಿಣಿಯನ್ನು ರಕ್ತಹೀನತೆ ಉಳ್ಳವಳೆಂದು ಗಣಿಸಲಾಗುತ್ತದೆ. ಆಯಾಸ, ಏದುಸಿರು ಇದರ ಲಕ್ಷಣಗಳು. ಹೆರಿಗೆಯ ವೇಳೆ ರಕ್ತಸ್ರಾವವಾದರೆ ಇಂತಹ ತಾಯಿಯ ಪ್ರಾಣಕ್ಕೇ ಅಪಾಯವುಂಟು. ಸೊಪ್ಪುಗಳಲ್ಲಿ ಕಬ್ಬಿಣಾಂಶವಿದ್ದರೂ ದೇಹವು ಅದನ್ನು ಸುಲಭವಾಗಿ ಹೀರಿಕೊಳ್ಳಲಾರದು. ಜೊತೆಯಲ್ಲಿ ‘ಸಿ’ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. ಅಂದರೆ ಸೊಪ್ಪು ಮತ್ತು ಹಣ್ಣು ಒಂದಕ್ಕೊಂದು ಬದಲಿಯಲ್ಲ, ಜೊತೆಗಾರರು. ನುಗ್ಗೆಸೊಪ್ಪಿನ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿರಿ. ಊಟದೊಡನೆ ಒಂದು ನೆಲ್ಲಿಕಾಯಿ ಅಥವಾ ಪೇರಲ ಹಣ್ಣು ಇರಲಿ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ಅಷ್ಟೇ ತೂಕದ ಸೇಬಿನಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಊಟದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶದ ಹೀರಿಕೆ ಕುಗ್ಗುತ್ತದೆ.

ಆದರೆ ಆಹಾರವೊಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಬಾಣಂತಿಯಾದ ಮೇಲೂ 180 ದಿನ ಮುಂದುವರಿಸಬೇಕು.

ಕಾಯಿ, ಹಣ್ಣುಗಳ ಭೇದ ಪಪ್ಪಾಯಿಯಲ್ಲಿ ಬಹು ಮುಖ್ಯ. ಕಾಯಿಯಲ್ಲಿ ಹಾಲಿನಂತಹ ಸೊನೆ ಇರುವುದರಿಂದ ಗರ್ಭಿಣಿಯು ಅದನ್ನು ವರ್ಜಿಸುವುದು ಲೇಸು. ಪೂರ್ಣ ಮಾಗಿದ ಹಣ್ಣಿನಲ್ಲಿ ಈ ಸೊನೆ ಉಳಿದಿರುವುದಿಲ್ಲ. ಅದನ್ನು ಮಿತವಾಗಿ ತಿನ್ನಲು ಅಂಜಬೇಕಿಲ್ಲ. ಪಪ್ಪಾಯಿ, ಮಾವುಗಳ ಹಣ್ಣು, ಗಜ್ಜರಿ ಮತ್ತು ಹಸಿರು ಸೊಪ್ಪುಗಳಿಂದ ಮಕ್ಕಳಿಗೆ ‘ಎ’ ಜೀವಸತ್ವ ದೊರೆತು, ಇರುಳುಗುರುಡು ದೂರವಾಗಲು ನೆರವಾಗುತ್ತದೆ.

ದಿನಕ್ಕೆ ಎಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ನೀಡಿದ ಸಲಹೆಯಂತೆ, ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣು ಬೇಕು. ಹಣ್ಣು ಬೆಲೆಬಾಳುವುದಾಗಬೇಕಿಲ್ಲ, ಆಯಾ ಕಾಲದ್ದಾದರೆ ಸಾಕು. ಸಂಡೂರಿನ ಗುಡ್ಡದ ಕಡೆಯಿಂದ ಬರುವ ಸೀತಾಫಲವೂ, ಕಂಪ್ಲಿಯ ತೋಟದ ಬಾಳೆಯೂ ದೂರದ ಸೇಬಿಗೆ ಕಡಿಮೆಯಲ್ಲ. ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಿರಿ, ಹೆಚ್ಚಿದ ಮೇಲೆ ತೊಳೆಯಬೇಡಿರಿ. ಪಾತ್ರೆಯ ಬಾಯಿ ಮುಚ್ಚಿ ಬೇಯಿಸಿರಿ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ.

ಹಣ್ಣು, ಕಾಯಿ, ಸೊಪ್ಪು ಮನೆಗೆ ಬಂದರಷ್ಟೇ ಸಾಲದು, ಗೃಹಿಣಿಯ ತಟ್ಟೆಗೂ ಬರಬೇಕು. ಎಲ್ಲರೂ ಉಂಡ ಬಳಿಕ ಮಿಕ್ಕ ಸಾರಿನಲ್ಲಿ ಆಕೆ ಊಟ ಮುಗಿಸುವ ಪದ್ಧತಿಯನ್ನು ಬಿಟ್ಟು, ಪತಿ ಪತ್ನಿಯರು ಒಟ್ಟಿಗೆ ಕುಳಿತು ಉಣ್ಣುವುದು ಉತ್ತಮ.

ಇಬ್ಬರೂ ಕೂಡಿ ಉತ್ತರಿಸಿರಿ

1. ನಿನ್ನೆ ನಿಮ್ಮ ಮನೆಯಲ್ಲಿ ಉಂಡ ತರಕಾರಿಗಳಲ್ಲಿ ಬೇರು ಯಾವುದು, ಎಲೆ ಯಾವುದು, ಫಲ ಯಾವುದು?
2. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದರಿಂದ ಆಗುವ ಲಾಭವೇನು?
3. ನಿಮ್ಮ ಹಿತ್ತಲಿನ ಬಚ್ಚಲು ನೀರಿನಲ್ಲಿ ಯಾವ ಗಿಡ ಬೆಳೆಸಬಲ್ಲಿರಿ?